ಆ ಫಾರ್ಮ್ ತುಂಬಿದವನು ನಾನೇ: ಕಟ್ಟಡ ಕೆಲಸದ ಮುನ್ಸೂಚನೆ ಕೊಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೂರು ತಿಂಗಳಿಗೊಮ್ಮೆ ನಿಮ್ಮ ವರದಿ ಬರುತ್ತದೆ. ಯಾವ ಪ್ರದೇಶದಲ್ಲಿ ಕಟ್ಟಡ ಕೆಲಸಕ್ಕೆ ಜನ ಬೇಕಾಗುತ್ತಾರೆ, ಎಲ್ಲಿ ಬೇಡವಾಗುತ್ತಾರೆ ಎಂದು ಅದರಲ್ಲಿ ಇರುತ್ತದೆ. ಜೊತೆಗೊಂದು ನಕ್ಷೆ. ಕೆಲಸ ಏರುವ ಕಡೆ ಹಸಿರು, ಇಳಿಯುವ ಕಡೆ ಕೆಂಪು. ಮಾರನೇ ದಿನ ಪತ್ರಿಕೆಗಳಲ್ಲಿ ಅದೆಲ್ಲ ಒಂದೇ ತಲೆಬರಹವಾಗುತ್ತದೆ. ಸಂಜೆಯೊಳಗೆ ಆ ತಲೆಬರಹದ ಫೋಟೊ ಮೊಬೈಲ್‌ನಿಂದ ಮೊಬೈಲ್‌ಗೆ ಹೋಗಿ, ಎಲ್ಲೋ ದೂರದಲ್ಲಿ ಕೆಲಸವಿಲ್ಲದೆ ಕೂತ ಒಬ್ಬ ಮೇಸ್ತ್ರಿಯ ಕೈ ಸೇರುತ್ತದೆ.

ಈ ಕಾಗದ ಬರೆಯುತ್ತಿರುವುದು ಅಂಥ ಮೇಸ್ತ್ರಿಗಳ ಪರವಾಗಿ. ಬರೆಯುವವನದ್ದೂ ಒಂದು ತಪ್ಪೊಪ್ಪಿಗೆ ಇದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಇಪ್ಪತ್ತೆರಡು ವರ್ಷ ಸೈಟ್‌ಗಳಲ್ಲಿ ಸೂಪರ್‌ವೈಸರ್ ಆಗಿದ್ದೆ. ಮಂಡಿ ನೋವು ಶುರುವಾದ ಮೇಲೆ ಕಂಪನಿಯವರು ಆಫೀಸಿನಲ್ಲಿ ಕೂರಿಸಿದರು. ನಿಮ್ಮಂಥವರು ಕಳಿಸುವ ಸಮೀಕ್ಷೆಯ ಫಾರ್ಮ್ ಆಗ ನನ್ನ ಮೇಜಿಗೆ ಬರುತ್ತಿತ್ತು. ಅದರಲ್ಲೊಂದು ಪ್ರಶ್ನೆ: ಮುಂದಿನ ಮೂರು ತಿಂಗಳಲ್ಲಿ ನಿಮ್ಮ ಸಂಸ್ಥೆಯ ಒಟ್ಟು ಕೆಲಸಗಾರರ ಸಂಖ್ಯೆ ಹೆಚ್ಚಾಗುತ್ತದೆಯೇ, ಹಾಗೇ ಇರುತ್ತದೆಯೇ, ಕಡಿಮೆಯಾಗುತ್ತದೆಯೇ? ಎದುರಿಗೆ ಮೂರು ಚೌಕ. ಒಂದಕ್ಕೆ ಟಿಕ್ ಹಾಕಿದರೆ ಮುಗಿಯಿತು.

ಒಂದು ಸಲ ಆ ಫಾರ್ಮ್ ಬಂದಾಗ ನಾವು ಒಂದು ಮೇಲ್ಸೇತುವೆಯ ಟೆಂಡರ್ ಹಾಕಿ ಕಾಯುತ್ತಿದ್ದೆವು. ಬ್ಯಾಂಕಿನವರ ಹತ್ತಿರ ಸಾಲದ ಮಾತೂ ನಡೆದಿತ್ತು. 'ಏನು ಹಾಕಲಿ ಸಾರ್?' ಎಂದು ಯಜಮಾನರನ್ನು ಕೇಳಿದೆ. ಅವರು ಫೋನಿನಿಂದ ಮುಖ ಎತ್ತದೆ 'ಹೆಚ್ಚಾಗುತ್ತೆ ಅಂತ ಹಾಕು, ಕಡಿಮೆ ಅಂತ ಯಾಕೆ ಹೇಳೋದು' ಎಂದರು. ಹಾಕಿದೆ. ಅರ್ಧ ನಿಮಿಷದ ಕೆಲಸ. ಟೆಂಡರ್ ಇನ್ನೂ ಸಿಕ್ಕಿಲ್ಲ ಎಂದು ಬರೆಯಲು ಅದರಲ್ಲಿ ಜಾಗವೂ ಇರಲಿಲ್ಲ.

ಎರಡೂವರೆ ತಿಂಗಳ ಮೇಲೆ ನನಗೆ ಹಳೆಯ ಪರಿಚಯದ ಒಬ್ಬ ಮೇಸ್ತ್ರಿ ಬಂದ. ಜೊತೆಯಲ್ಲಿ ಹದಿನಾಲ್ಕು ಜನ. ಬಾರ್ ಬೆಂಡಿಂಗ್‌ನವರು, ಅಂದರೆ ಕಂಬಿ ಬಗ್ಗಿಸಿ ಕಟ್ಟುವವರು ಆರು; ಸೆಂಟ್ರಿಂಗ್‌ನವರು, ಅಂದರೆ ಕಾಂಕ್ರೀಟ್ ಸುರಿಯಲು ಹಲಗೆ ಕಟ್ಟುವವರು ಎಂಟು. 'ಪೇಪರಲ್ಲಿ ಬಂದಿತ್ತಲ್ಲ ಸಾರ್, ಈ ಕಡೆ ಕೆಲಸ ಜಾಸ್ತಿ ಅಂತ' ಎಂದ. ಅಷ್ಟರಲ್ಲಿ ಆ ಮೇಲ್ಸೇತುವೆ ಬೇರೆ ಕಂಪನಿಗೆ ಹೋಗಿತ್ತು. ಅವರು ತಮ್ಮ ಜನರನ್ನು ತಾವೇ ಕರೆತಂದಿದ್ದರು. ಈ ಹದಿನಾಲ್ಕು ಜನ ನಮ್ಮ ಲೇಬರ್ ಶೆಡ್‌ನಲ್ಲಿ ಹತ್ತೊಂಬತ್ತು ದಿನ ಕೂತರು. ಮೇಸ್ತ್ರಿ ಅವರಿಗೆಲ್ಲ ಬಡ್ಡಿ ಸಾಲ ತಂದು ಮುಂಗಡ ಕೊಟ್ಟಿದ್ದ. ಇಪ್ಪತ್ತನೇ ದಿನ ಬೆಳಗ್ಗೆ ಶೆಡ್ ಖಾಲಿ ಇತ್ತು.

ನನ್ನ ಒಂದು ಟಿಕ್ಕಿನಿಂದಲೇ ಅವನು ಬಂದ ಎಂದು ಹೇಳುತ್ತಿಲ್ಲ. ನೂರಾರು ಟಿಕ್ಕುಗಳಲ್ಲಿ ನನ್ನದೂ ಒಂದು. ಆದರೆ ಉಳಿದ ಟಿಕ್ಕುಗಳೂ ನನ್ನದರ ಹಾಗೇ ಬಿದ್ದಿರಬಹುದು, ಅಲ್ವಾ?

ನಿಮ್ಮ ಲೆಕ್ಕ ಹೇಗೆ ನಡೆಯುತ್ತದೆ ಎಂದು ಓದುಗರಿಗೂ ತಿಳಿಯಲಿ. ಹೆಚ್ಚಾಗುತ್ತದೆ ಎಂದವರು ನೂರಕ್ಕೆ ಎಷ್ಟು ಎಂದು ತೆಗೆದುಕೊಳ್ಳುತ್ತೀರಿ. ಅದರಿಂದ ಕಡಿಮೆಯಾಗುತ್ತದೆ ಎಂದವರನ್ನು ಕಳೆಯುತ್ತೀರಿ. ಹಾಗೇ ಇರುತ್ತದೆ ಎಂದವರು ಕಳೆಯುವ ಲೆಕ್ಕದಲ್ಲಿ ಬರುವುದೇ ಇಲ್ಲ. ಉಳಿದ ಸಂಖ್ಯೆ ಎಲ್ಲರೂ ಇಳಿಕೆ ಎಂದರೆ ಮೈನಸ್ 100, ಎಲ್ಲರೂ ಏರಿಕೆ ಎಂದರೆ ಪ್ಲಸ್ 100. ಇದು ಹೊಸ ವಿದ್ಯೆಯೇನಲ್ಲ. ಕೆಲಸಕ್ಕೆ ಜನ ಒದಗಿಸುವ ಮ್ಯಾನ್‌ಪವರ್ ಕಂಪನಿಯ ನೇಮಕಾತಿ ಸಮೀಕ್ಷೆ ಅಮೆರಿಕದಲ್ಲಿ 1962ರಲ್ಲಿ ಶುರುವಾಯಿತು. ಯುರೋಪಿನ ದೇಶಗಳ ಒಕ್ಕೂಟದ ಆಯೋಗ ತನ್ನ ಉದ್ಯಮ ಸಮೀಕ್ಷೆ ಶುರು ಮಾಡಿದ್ದೂ ಅದೇ ವರ್ಷ, ಅದಕ್ಕೆ ಕಟ್ಟಡ ವಲಯ ಸೇರಿದ್ದು 1966ರಲ್ಲಿ. ಕಟ್ಟಡ ವಲಯದ ವಿಶ್ವಾಸ ಸೂಚ್ಯಂಕ ಎಂದು ಅವರು ಕೊಡುವುದು ಎರಡೇ ಉತ್ತರಗಳ ಸರಾಸರಿ. ಕೈಯಲ್ಲಿ ಎಷ್ಟು ಆರ್ಡರ್ ಇದೆ ಎನ್ನುವುದು ಒಂದು, ಮುಂದಿನ ಮೂರು ತಿಂಗಳಲ್ಲಿ ಜನ ಹೆಚ್ಚಾಗುತ್ತಾರೋ ಕಡಿಮೆಯಾಗುತ್ತಾರೋ ಎನ್ನುವುದು ಇನ್ನೊಂದು.

ಈ ಲೆಕ್ಕವನ್ನು ನಾನು ಹಳಿಯುವುದಿಲ್ಲ. ಬಡ್ಡಿ ದರ ನೋಡುವವರಿಗೆ, ಸಿಮೆಂಟ್ ಮಾರುವವರಿಗೆ ಗಾಳಿ ಎತ್ತ ಬೀಸುತ್ತಿದೆ ಎಂದು ಗೊತ್ತಾದರೆ ಸಾಕು. ಬಸ್ಸು ಹತ್ತುವವನಿಗೆ ಅಷ್ಟು ಸಾಲದು. ಹಸಿರು ನಕ್ಷೆಯ ಮೇಲೆ ಪ್ಲಸ್ 30 ಎಂದು ಕಂಡರೆ ಅವನು ಮೂವತ್ತು ಪರ್ಸೆಂಟ್ ಕೆಲಸ ಹೆಚ್ಚು ಎಂದೇ ಓದುತ್ತಾನೆ. ಪತ್ರಿಕೆಯವರೂ ಎಷ್ಟೋ ಸಲ ಹಾಗೇ ಬರೆಯುತ್ತಾರೆ. ನಿಜವಾಗಿ ಒಂದೊಂದು ಕಂಪನಿ ಒಬ್ಬೊಬ್ಬರನ್ನೇ ತೆಗೆದುಕೊಂಡರೂ ಪ್ಲಸ್ 30 ಬರಬಹುದು. ಸಾವಿರ ಸಾವಿರ ಜನರನ್ನು ತೆಗೆದುಕೊಂಡರೂ ಅದೇ ಬರಬಹುದು. ಎಷ್ಟು ಜನ ಎಂದು ಪ್ರಶ್ನೆಯೇ ಕೇಳಿಲ್ಲವಲ್ಲ.

ಕಟ್ಟಡ ಕೆಲಸದಲ್ಲಿ ಇನ್ನೊಂದು ತಮಾಷೆ ಇದೆ. ತಮಾಷೆ ಎನ್ನಬಾರದು, ಆದರೂ ಬೇರೆ ಮಾತು ಹೊಳೆಯುತ್ತಿಲ್ಲ. ಒಂದು ಸೇತುವೆಗೆ ಐದು ಕಂಪನಿಗಳು ಟೆಂಡರ್ ಹಾಕುತ್ತವೆ. ಐದಕ್ಕೂ ತಮಗೇ ಸಿಗುತ್ತದೆ ಎನ್ನುವ ಆಸೆ. ಆಸೆ ಇಲ್ಲದೆ ಯಾರು ಟೆಂಡರ್ ಹಾಕುತ್ತಾರೆ? ನಿಮ್ಮ ಫಾರ್ಮ್ ಬಂದಾಗ ಐವರೂ ಹೆಚ್ಚಾಗುತ್ತದೆ ಎಂದು ಟಿಕ್ ಹಾಕುತ್ತಾರೆ. ಸೇತುವೆ ಮಾತ್ರ ಒಂದೇ. ಇನ್ನೂರು ಜನರ ಕೆಲಸ ನಿಮ್ಮ ನಕ್ಷೆಯಲ್ಲಿ ಐದು ಸಲ ಎಣಿಕೆಯಾಗಿರುತ್ತದೆ. ಬಟ್ಟೆ ಅಂಗಡಿಯ ಸಮೀಕ್ಷೆಯಲ್ಲಿ ಇಷ್ಟು ಗೋಜಲು ಇಲ್ಲ. ಐದು ಅಂಗಡಿಗಳಿದ್ದರೆ ಐದೂ ಒಟ್ಟಿಗೆ ಬೆಳೆಯಬಹುದು. ಐವರು ಗುತ್ತಿಗೆದಾರರು ಒಂದೇ ಸೇತುವೆಯನ್ನು ಐದು ಸಲ ಕಟ್ಟುವುದಿಲ್ಲ.

'ನಿಮ್ಮ ಸಂಸ್ಥೆಯ ಒಟ್ಟು ಕೆಲಸಗಾರರು' ಎನ್ನುವ ಮಾತಿಗೂ ಬರೋಣ. ಇದಕ್ಕೆ ನಾನು ಪ್ರತಿ ಸಲ ತಡವರಿಸಿದ್ದೇನೆ. ಸೈಟ್‌ನಲ್ಲಿ ಮುನ್ನೂರು ಜನ ಇರುತ್ತಿದ್ದರು. ಕಂಪನಿಯ ಸಂಬಳದ ಪಟ್ಟಿಯಲ್ಲಿ ಇದ್ದವರು ಇಪ್ಪತ್ತಾರು. ಇಂಜಿನಿಯರ್‌ಗಳು, ಸ್ಟೋರ್ ಕೀಪರ್, ಸೆಕ್ಯುರಿಟಿ, ನಾನು. ಉಳಿದವರೆಲ್ಲ ಸಬ್ ಕಂಟ್ರಾಕ್ಟರ್‌ಗಳ ಕಡೆಯವರು. ಸಬ್ ಕಂಟ್ರಾಕ್ಟರ್ ಕೈಕೆಳಗೆ ಮೇಸ್ತ್ರಿ, ಮೇಸ್ತ್ರಿಯ ಕೈಕೆಳಗೆ ಅವನ ಗ್ಯಾಂಗು. ಫಾರ್ಮ್‌ನಲ್ಲಿ ಟಿಕ್ ಹಾಕುವಾಗ ನಾನು ಮುನ್ನೂರು ಜನರನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತೋ ಇಪ್ಪತ್ತಾರು ಜನರನ್ನೋ? ಇಪ್ಪತ್ತಾರು ಜನರನ್ನೇ ಹಿಡಿಯುತ್ತಿದ್ದೆ, ಸಂಬಳದ ರಿಜಿಸ್ಟರ್ ಹೇಳುವುದು ಅಷ್ಟೇ. ಅಂದರೆ ಮೋಲ್ಡ್ ಹಾಕುವವರು, ಕಂಬಿ ಕಟ್ಟುವವರು, ಗಾರೆ ಕೆಲಸದವರು ಯಾರೂ ನಿಮ್ಮ ಲೆಕ್ಕಕ್ಕೆ ಬರಲಿಲ್ಲ. ಅವರನ್ನು ಕರೆತರುವ ಮೇಸ್ತ್ರಿಗೆ ನೀವು ಫಾರ್ಮ್ ಕಳಿಸುವುದಿಲ್ಲ. ಅವನಿಗೆ ಆಫೀಸ್ ವಿಳಾಸ ಎಲ್ಲಿಂದ ಬರಬೇಕು? ಆದರೆ ಮುಂದಿನ ಮೂರು ತಿಂಗಳಲ್ಲಿ ಯಾವ ಕಡೆ ಎಷ್ಟು ಕೈ ಬೇಕು ಎಂದು ನಿಜವಾಗಿ ಗೊತ್ತಿರುವವನು ಅವನೇ.

ಇನ್ನು 'ಕಟ್ಟಡ ಕೆಲಸ' ಎನ್ನುವ ಪದ. ಒಂದು ಕಟ್ಟಡ ಏಳುವಾಗ ಮೊದಲು ಪಾಯ ತೋಡುವವರು ಬರುತ್ತಾರೆ. ಆಮೇಲೆ ಕಂಬಿಯವರು, ಸೆಂಟ್ರಿಂಗ್‌ನವರು, ಕಾಂಕ್ರೀಟ್‌ನವರು. ಗೋಡೆ ಎದ್ದ ಮೇಲೆ ಪ್ಲಾಸ್ಟರಿಂಗ್, ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್, ಕೊನೆಗೆ ಪೇಂಟರ್. ಪೇಂಟರ್ ಏಣಿ ಹತ್ತುವ ಹೊತ್ತಿಗೆ ಕಂಬಿ ಕಟ್ಟಿದವನು ಹೋಗಿ ಆರೇಳು ತಿಂಗಳಾಗಿರುತ್ತದೆ. ಒಂದು ಪ್ರದೇಶದ ದೊಡ್ಡ ಕಟ್ಟಡಗಳೆಲ್ಲ ಒಟ್ಟಿಗೆ ಮುಗಿಯುವ ಹಂತದಲ್ಲಿದ್ದರೆ ಅಲ್ಲಿ ಜನ ಬೇಕು ಎನ್ನುವುದು ನಿಜವೇ, ಆದರೆ ಬೇಕಾದವರು ಟೈಲ್ಸ್‌ನವರು. ಹಸಿರು ನೋಡಿ ಬಂದ ಬಾರ್ ಬೆಂಡರ್‌ಗೆ ಅಲ್ಲಿ ಏನೂ ಇಲ್ಲ. ನನ್ನ ಮೇಸ್ತ್ರಿ ತಂದಿದ್ದ ಹದಿನಾಲ್ಕು ಜನರಲ್ಲಿ ಒಬ್ಬನೂ ಟೈಲ್ಸ್ ಕೂರಿಸುವವನಲ್ಲ. ಪಕ್ಕದ ಸೈಟ್‌ನವರು ಅದೇ ಹತ್ತೊಂಬತ್ತು ದಿನಗಳಲ್ಲಿ ಟೈಲ್ಸ್‌ನವರಿಗಾಗಿ ಎರಡು ಸಲ ನನ್ನನ್ನು ಕೇಳಿದ್ದರು.

ಪ್ರದೇಶ ಎನ್ನುವುದು ಎಷ್ಟು ಮುಖ್ಯ ಎಂದು ನೀವೂ ಬಲ್ಲಿರಿ. ಬೇರೆ ಉದ್ಯಮದಲ್ಲಿ ಸರಕು ಒಂದು ಕಡೆ ಮಾಡಿ ಇನ್ನೊಂದು ಕಡೆ ಮಾರಬಹುದು. ಕಟ್ಟಡ ಎಲ್ಲಿ ಬೇಕೋ ಅಲ್ಲೇ ಏಳಬೇಕು. ಆದ್ದರಿಂದ ಓಡಾಡಬೇಕಾದವನು ಕೆಲಸಗಾರ. ಒಂದೇ ದೇಶದ ಎರಡು ಮೂಲೆಗಳಲ್ಲಿ ಒಂದೇ ಹೊತ್ತಿಗೆ ಎರಡು ಬೇರೆ ಹಣೆಬರಹ ಇರುತ್ತದೆ.

ಅಮೆರಿಕವನ್ನೇ ನೋಡಿ. 2006ರಲ್ಲಿ ಅಲ್ಲಿ ಕಟ್ಟಡ ವಲಯದ ಸಂಬಳದ ಪಟ್ಟಿಯಲ್ಲಿ ಸುಮಾರು 77 ಲಕ್ಷ ಜನ ಇದ್ದರು. 2011ರ ಆರಂಭಕ್ಕೆ ಅದು ಸುಮಾರು 54 ಲಕ್ಷಕ್ಕೆ ಇಳಿಯಿತು. ಇದು ಇಡೀ ದೇಶದ ಲೆಕ್ಕ. ನೆವಾಡ ರಾಜ್ಯವೊಂದನ್ನೇ ತೆಗೆದುಕೊಂಡರೆ ಕಟ್ಟಡ ಕೆಲಸಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಹೋಗಿತ್ತು. ಲಾಸ್ ವೇಗಸ್ ಸುತ್ತ ಏಳುತ್ತಿದ್ದ ಮನೆಗಳು ಅರ್ಧಕ್ಕೇ ನಿಂತವು. ಅದೇ ವರ್ಷಗಳಲ್ಲಿ ನಾರ್ತ್ ಡಕೋಟ ರಾಜ್ಯದಲ್ಲಿ ತೈಲ ತೆಗೆಯುವ ಕೆಲಸ ಭರದಿಂದ ನಡೆದಿತ್ತು. ವಿಲಿಸ್ಟನ್ ಎಂಬ ಸಣ್ಣ ಊರಿಗೆ ಜನ ಎಷ್ಟು ನುಗ್ಗಿದರೆಂದರೆ ಮಲಗಲು ಜಾಗವಿಲ್ಲದೆ ಸಾಲು ಸಾಲು ತಾತ್ಕಾಲಿಕ ಶಿಬಿರಗಳು ಎದ್ದವು. ಎಷ್ಟೋ ಜನ ತಮ್ಮ ಗಾಡಿಗಳಲ್ಲೇ ಮಲಗಿದರು. 2014ರ ಕೊನೆಗೆ ತೈಲದ ಬೆಲೆ ಕುಸಿಯಿತು, ಅಲ್ಲೂ ಕೆಲಸ ತಗ್ಗಿತು. ನೆವಾಡದಿಂದ ಡಕೋಟಕ್ಕೆ ಹೋದವನು ಮತ್ತೆ ಚೀಲ ಕಟ್ಟಬೇಕಾಯಿತು.

ಸ್ಪೇನ್‌ನಲ್ಲಿ 2007ರಲ್ಲಿ ಕಟ್ಟಡ ಕೆಲಸದಲ್ಲಿ ಸುಮಾರು 27 ಲಕ್ಷ ಜನ ಇದ್ದರು. 2014ರ ಆರಂಭದಲ್ಲಿ 10 ಲಕ್ಷವೂ ಉಳಿದಿರಲಿಲ್ಲ. ಐರ್ಲೆಂಡ್‌ನಲ್ಲಿ 2007ರ ಹೊತ್ತಿಗೆ ದುಡಿಯುವ ಎಂಟು ಜನರಲ್ಲಿ ಸುಮಾರು ಒಬ್ಬರು ಕಟ್ಟಡ ಕೆಲಸದವರು. ಐದಾರು ವರ್ಷಗಳಲ್ಲಿ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು.

ಇಷ್ಟು ದೊಡ್ಡ ಕುಸಿತವನ್ನು ಮೂರು ಚೌಕದ ಫಾರ್ಮ್ ಮೊದಲೇ ಹೇಳಬೇಕಿತ್ತು ಎನ್ನುವಷ್ಟು ಮೊಂಡ ನಾನಲ್ಲ. ಕೈಯಲ್ಲಿ ಆರ್ಡರ್ ಇರುವಾಗ ಯಾವ ಗುತ್ತಿಗೆದಾರನೂ ನಾಳೆ ಇಳಿಯುತ್ತದೆ ಎಂದು ಬರೆಯುವುದಿಲ್ಲ. ನಾನೂ ಬರೆದಿಲ್ಲ. ನನ್ನ ತಕರಾರು ಕುಸಿತ ಆದ ಮೇಲಿನದ್ದರ ಬಗ್ಗೆ. ಹೋದ ಜನ ವಾಪಸ್ ಬರುವುದಿಲ್ಲ. ಡ್ರೈವರ್ ಆಗುತ್ತಾರೆ, ಗೋದಾಮಿನಲ್ಲಿ ಸೇರುತ್ತಾರೆ, ಅಂಗಡಿ ಇಡುತ್ತಾರೆ. ಮಗನಿಗೆ 'ಈ ಕೆಲಸ ನಿನಗೆ ಬೇಡ' ಎಂದು ಹೇಳಿರುತ್ತಾರೆ. 2006ರಲ್ಲಿದ್ದ ಮಟ್ಟವನ್ನು ಅಮೆರಿಕದ ಕಟ್ಟಡ ವಲಯ ಮತ್ತೆ ದಾಟಿದ್ದು 2022ರಲ್ಲಿ. ಹದಿನಾರು ವರ್ಷ. ಅಷ್ಟರಲ್ಲಿ ಒಂದು ತಲೆಮಾರಿನ ಕಸುಬುದಾರರು ಹೋಗಿಬಿಟ್ಟಿರುತ್ತಾರೆ.

ಜಪಾನಿನದು ಇನ್ನೂ ಗಟ್ಟಿ ಉದಾಹರಣೆ. 1997ರಲ್ಲಿ ಅಲ್ಲಿ ಕಟ್ಟಡ ವಲಯದಲ್ಲಿ ಸುಮಾರು 68 ಲಕ್ಷ ಜನ ಇದ್ದರು. ಈಗ 50 ಲಕ್ಷಕ್ಕಿಂತ ಕಡಿಮೆ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ 55 ದಾಟಿದವರು. 2011ರ ಸುನಾಮಿಯ ಮೇಲೆ ತೊಹೊಕು ಪ್ರದೇಶವನ್ನು ಮತ್ತೆ ಕಟ್ಟಬೇಕಾಯಿತು. ಹಣ ಇತ್ತು, ನಕ್ಷೆಗಳು ಇದ್ದವು. ಎಷ್ಟೋ ಟೆಂಡರ್‌ಗಳನ್ನು ಕರೆದರೆ ಹಾಕುವವರೇ ಸಿಗಲಿಲ್ಲ. ಇದ್ದ ಮೇಸ್ತ್ರಿಗಳು, ಕಸುಬುದಾರರು ಹತ್ತು ಹದಿನೈದು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಬಿಟ್ಟು ಹೋಗಿದ್ದರು. ಬಿಟ್ಟು ಹೋದವನನ್ನು ಯಾವ ಸಮೀಕ್ಷೆಯೂ ಹಿಂಬಾಲಿಸಿ ಹೋಗಿ ಕೇಳುವುದಿಲ್ಲ.

ಇದರ ಜೊತೆಗೆ ಇನ್ನೊಂದು ದೂರು ನಿಮ್ಮ ವರದಿಗಳಲ್ಲಿ ಪ್ರತಿ ಸಲ ಕಾಣುತ್ತದೆ. 'ಜನ ಸಿಗುತ್ತಿಲ್ಲ.' ಕೆಲಸಕ್ಕೆ ಅಡ್ಡಿ ಏನು ಎಂದು ಯುರೋಪಿನ ಫಾರ್ಮ್ ಕೇಳುತ್ತದೆ. ಬೇಡಿಕೆ ಇಲ್ಲ, ಹವಾಮಾನ ಸರಿಯಿಲ್ಲ, ಕೆಲಸಗಾರರ ಕೊರತೆ, ಸಾಮಾನಿನ ಕೊರತೆ, ಹಣದ ಅಡಚಣೆ ಎಂದೆಲ್ಲ ಆಯ್ಕೆಗಳು ಇರುತ್ತವೆ. ಕೆಲಸಗಾರರ ಕೊರತೆ ಎಂದು ಟಿಕ್ ಹಾಕುವುದು ಬಹಳ ಸುಲಭ. ನಮಗೆ ಬರುತ್ತಿದ್ದ ಫಾರ್ಮ್‌ನಲ್ಲಿ ನಾವೂ ಹಾಕುತ್ತಿದ್ದೆವು. ಯಾವ ಕೂಲಿಗೆ ಸಿಗುತ್ತಿಲ್ಲ? ಬಟವಾಡೆ ವಾರಕ್ಕೊಮ್ಮೆ ಸರಿಯಾಗಿ ಆಗುತ್ತಿದೆಯೇ? ಶೆಡ್‌ನಲ್ಲಿ ನೀರು ಇದೆಯೇ? ಇವು ಯಾವುದೂ ಫಾರ್ಮ್‌ನಲ್ಲಿಲ್ಲ. ಒಂದು ಸೈಟ್‌ನಲ್ಲಿ ನಮಗೆ ಎರಡು ತಿಂಗಳು ಜನ ನಿಲ್ಲುತ್ತಲೇ ಇರಲಿಲ್ಲ. ಶೆಡ್‌ಗೆ ಸಿಮೆಂಟ್ ನೆಲ ಮಾಡಿಸಿ, ನಾಲ್ಕು ಶೌಚಾಲಯ ಕಟ್ಟಿಸಿ, ಶನಿವಾರವೇ ಬಟವಾಡೆ ಎಂದು ಹಟ ಹಿಡಿದ ಮೇಲೆ ನಿಂತರು. ಆ ಎರಡು ತಿಂಗಳು ನಾವು ನಿಮಗೆ ಹೇಳಿದ್ದು 'ಪ್ರದೇಶದಲ್ಲಿ ಕೆಲಸಗಾರರ ಕೊರತೆ'.

ಒಂದು ಪ್ರದೇಶದಲ್ಲಿ ದೊಡ್ಡ ಕೆಲಸ ಬಂದರೆ ಅಲ್ಲಿನ ಜನರಿಗೂ ಒಂದು ನಿರೀಕ್ಷೆ ಹುಟ್ಟುತ್ತದೆ. ಜಾಗ ನಮ್ಮದು, ಧೂಳು ಕುಡಿಯುವವರು ನಾವು, ಕೆಲಸ ನಮಗೆ ಬೇಡವೇ ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಸರ್ಕಾರಗಳು ಇದಕ್ಕೆ ಒಂದು ಪರ್ಸೆಂಟೇಜ್ ಘೋಷಿಸಿ ಕೈ ತೊಳೆದುಕೊಳ್ಳುತ್ತವೆ. ಸ್ಥಳೀಯರಿಗೆ ಇಷ್ಟು ಎಂದು. ತಲೆ ಎಣಿಸಿದರೆ ಮೋಸ ಸುಲಭ. ಗೇಟಿನಲ್ಲಿ ನಿಲ್ಲಲು, ಕಸ ಗುಡಿಸಲು ಸ್ಥಳೀಯರನ್ನು ತೆಗೆದುಕೊಂಡು ಲೆಕ್ಕ ತೋರಿಸಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಈ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡಿತು. ನಗರದ ಹಣದಿಂದ ನಡೆಯುವ ಕಾಮಗಾರಿಗಳಿಗೆ 2011ರಲ್ಲಿ ಜಾರಿಗೆ ಬಂದ ಅದರ ನಿಯಮ ತಲೆ ಎಣಿಸುವುದಿಲ್ಲ, ಗಂಟೆ ಎಣಿಸುತ್ತದೆ. ಅದೂ ಒಂದೊಂದು ಕಸುಬಿಗೆ ಬೇರೆ ಬೇರೆಯಾಗಿ. ಶೇ. 20ರಿಂದ ಶುರು ಮಾಡಿದರು. ಕಾರ್ಪೆಂಟರ್ ಕೆಲಸದ ಗಂಟೆಗಳಲ್ಲಿ ಸ್ಥಳೀಯರು ಇಷ್ಟು ಮಾಡಿರಬೇಕು, ಎಲೆಕ್ಟ್ರಿಷಿಯನ್ ಕೆಲಸದಲ್ಲಿ ಇಷ್ಟು. ಗೇಟ್ ಕಾಯುವವರನ್ನು ತೋರಿಸಿ ತಪ್ಪಿಸಿಕೊಳ್ಳಲು ಇದರಲ್ಲಿ ಆಗುವುದಿಲ್ಲ.

ಗುರಿ ಇಟ್ಟು ಮರೆತುಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ಅದೇ ದೇಶದಲ್ಲಿ ಕಥೆ ಇದೆ. ಕೇಂದ್ರ ಸರ್ಕಾರದ ಗುತ್ತಿಗೆ ಪಡೆದವರು ಕಟ್ಟಡ ಕೆಲಸದಲ್ಲಿ ಯಾರಿಗೆ ಎಷ್ಟು ಪಾಲು ಕೊಡಲು ಪ್ರಯತ್ನಿಸಬೇಕು ಎಂದು 1980ರ ಹೊತ್ತಿಗೆ ಅಲ್ಲಿ ಗುರಿಗಳನ್ನು ಗೊತ್ತು ಮಾಡಿದರು. ಜನಾಂಗೀಯ ಅಲ್ಪಸಂಖ್ಯಾತರಿಗೆ ಪ್ರದೇಶಕ್ಕೊಂದು ಗುರಿ, 1970ರ ಜನಗಣತಿ ಹಿಡಿದು. ಮಹಿಳೆಯರಿಗೆ ಇಡೀ ದೇಶಕ್ಕೆ ಒಂದೇ, ಒಟ್ಟು ಗಂಟೆಗಳಲ್ಲಿ ಶೇ. 6.9. ಆ ಅಂಕಿಗಳನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ನಗರಗಳು ಬದಲಾದವು, ಜನ ಬದಲಾದರು, ಅಂಕಿ ಹಾಗೇ ಇತ್ತು. 2025ರ ಜನವರಿಯಲ್ಲಿ ಅದಕ್ಕೆ ಆಧಾರವಾಗಿದ್ದ ಅಧ್ಯಕ್ಷರ ಆದೇಶವೇ ರದ್ದಾಯಿತು. ನಲವತ್ತು ವರ್ಷಗಳಿಗಿಂತ ಜಾಸ್ತಿ ಕಾಲ ಒಂದು ಅಂಕಿ ಸುಮ್ನೆ ಕಾಗದದ ಮೇಲೆ ಕೂತಿತ್ತು. ಕಸುಬುಗಳಲ್ಲಿ ಮಹಿಳೆಯರ ಪಾಲು 6.9ನ್ನು ಮುಟ್ಟಲೇ ಇಲ್ಲ.

ಹೇಗೆ ಮಾಡಬಹುದು ಎನ್ನುವುದಕ್ಕೆ ಮಾದರಿಗಳು ಇಲ್ಲದೇ ಇಲ್ಲ. ಬ್ರಿಟನ್‌ನಲ್ಲಿ ಕಟ್ಟಡ ವಲಯದ ತರಬೇತಿ ಮಂಡಳಿ ಪ್ರದೇಶವಾರು ಮುನ್ನೋಟ ಕೊಡುತ್ತದೆ. ಐದು ವರ್ಷದ್ದು, ಕಸುಬುವಾರು. ಇಟ್ಟಿಗೆಯವರು ಎಷ್ಟು, ಮರಗೆಲಸದವರು ಎಷ್ಟು, ಛಾವಣಿಯವರು ಎಷ್ಟು ಎಂದು. ವಯಸ್ಸಾಗಿ ಬಿಡುವವರನ್ನು, ಬೇರೆ ಕಡೆ ಹೋಗುವವರನ್ನು ಲೆಕ್ಕ ಹಾಕಿ ವರ್ಷಕ್ಕೆ ಎಷ್ಟು ಹೊಸಬರು ಬೇಕು ಎಂದು ಹೇಳುತ್ತದೆ. ಅದು ತಪ್ಪಾಗುವುದೂ ಇದೆ. ಆದರೆ ತಪ್ಪು ಎಂದು ಹಿಡಿಯಲು ಒಂದು ಸಂಖ್ಯೆ ಇರುತ್ತದೆ. ಪ್ಲಸ್ 30ನ್ನು ತಪ್ಪು ಎಂದು ಹೇಗೆ ಹಿಡಿಯುವುದು?

ಜರ್ಮನಿಯವರು ಮುನ್ಸೂಚನೆಗಿಂತ ಮುಂದೆ ಹೋದರು. ಅಲ್ಲಿ ಚಳಿಗಾಲದಲ್ಲಿ ಕೆಲಸ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತು, ಸಮೀಕ್ಷೆ ಬೇಕಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೆಲಸ ನಿಂತರೂ ಕೆಲಸಗಾರನನ್ನು ಬಿಡಿಸದೆ, ಕೈತಪ್ಪಿದ ಸಂಬಳದ ಒಂದು ಭಾಗವನ್ನು ನಿರುದ್ಯೋಗ ವಿಮೆಯ ಕಡೆಯಿಂದ ಕೊಡುವ ಪದ್ಧತಿ 2006ರಿಂದ ಇದೆ. ರಜೆಯ ವಿಷಯ ಇನ್ನೂ ಚೆನ್ನಾಗಿದೆ. ಕಟ್ಟಡ ಕೆಲಸಗಾರ ವರ್ಷದಲ್ಲಿ ಮೂರು ಕಂಪನಿ ಬದಲಿಸಿದರೂ ಅವನ ರಜೆಯ ಲೆಕ್ಕ ಒಂದೇ ನಿಧಿಯಲ್ಲಿ ಜಮೆಯಾಗುತ್ತಾ ಹೋಗುತ್ತದೆ. ಈ ಏರ್ಪಾಟು 1949ರಷ್ಟು ಹಳೆಯದು.

ಚೀನಾದಲ್ಲಿ 2020ರ ಮೇ 1ರಿಂದ ಒಂದು ನಿಯಮ ಇದೆ. ಕಾಮಗಾರಿಗೆ ಬರುವ ವಲಸೆ ಕೆಲಸಗಾರರ ಹೆಸರು ಸೈಟ್‌ನಲ್ಲೇ ದಾಖಲಾಗಬೇಕು, ಅವರ ಸಂಬಳಕ್ಕೆಂದೇ ಬೇರೆ ಬ್ಯಾಂಕ್ ಖಾತೆ ಇರಬೇಕು. ಸಂಬಳ ಬಾಕಿ ತಡೆಯಲು ಮಾಡಿದ ನಿಯಮ ಅದು. ಆದರೆ ಅದರಿಂದ ಒಂದು ಸೈಟ್‌ನಲ್ಲಿ ಇವತ್ತು ಯಾರ್‍ಯಾರು ಇದ್ದಾರೆ ಎನ್ನುವ ಲೆಕ್ಕವೂ ಸಿಗುತ್ತದೆ. ಭಾರತದಲ್ಲಿ 1996ರ ಕಾನೂನು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ರಾಜ್ಯಕ್ಕೊಂದು ಮಂಡಳಿ ಎಂದಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿ ಎಂದಿತು. ಒಳ್ಳೆಯದೇ. ಆದರೆ ಕೆಲಸ ಹುಡುಕುತ್ತಾ ಗಡಿ ದಾಟುವವನಿಗೆ ಈ ಕಡೆ ನಲವತ್ತು ದಿನ, ಆ ಕಡೆ ಐವತ್ತು ದಿನ ಆಗಿರುತ್ತದೆ. ಎರಡೂ ಕಡೆಯ ದಿನಗಳಿಗೆ ಸಹಿ ಹಾಕಿ ಕೊಡುವವರು ಯಾರು? ಅವನು ಪ್ರದೇಶ ಬದಲಿಸುತ್ತಾನೆ, ದಾಖಲೆ ಇದ್ದಲ್ಲೇ ಇರುತ್ತದೆ.

ಈಗ ನಾನು ಕೇಳುವುದಕ್ಕೆ ಬರುತ್ತೇನೆ. ದೊಡ್ಡದೇನೂ ಕೇಳುವುದಿಲ್ಲ. ಫಾರ್ಮ್‌ನಲ್ಲಿ ಒಂದು ಸಾಲು ಸೇರಿಸಿ: ಈ ಏರಿಕೆ ಕೈಗೆ ಸಿಕ್ಕ ಕೆಲಸದ್ದೋ, ಟೆಂಡರ್ ಹಾಕಿ ಕಾಯುತ್ತಿರುವ ಕೆಲಸದ್ದೋ? ಇದೊಂದು ಪ್ರಶ್ನೆ ಇದ್ದಿದ್ದರೆ ನನ್ನ ಟಿಕ್ ಬೇರೆ ರಾಶಿಗೆ ಹೋಗುತ್ತಿತ್ತು. ಐದು ಸಲ ಎಣಿಕೆಯಾದ ಸೇತುವೆ ನಿಮಗೇ ಕಾಣುತ್ತಿತ್ತು. ಎಷ್ಟು ಜನ, ಯಾವ ಕಸುಬು, ಎಷ್ಟು ತಿಂಗಳಿಗೆ ಎಂದೂ ಕೇಳಿ. ಗೊತ್ತಿಲ್ಲ ಎನ್ನುವವರಿಗೆ ಗೊತ್ತಿಲ್ಲ ಎನ್ನುವ ಚೌಕ ಕೊಡಿ. ನನಗೆ ಅಂಥದ್ದೊಂದು ಚೌಕ ಇದ್ದಿದ್ದರೆ ಬಹಳ ಸಲ ಅದಕ್ಕೇ ಹಾಕುತ್ತಿದ್ದೆ.

ಸಬ್ ಕಂಟ್ರಾಕ್ಟರ್‌ಗಳನ್ನು, ಮೇಸ್ತ್ರಿಗಳನ್ನು ಕೇಳಿ. ಫಾರ್ಮ್ ಅವರಿಗೆ ಆಗಿಬರುವುದಿಲ್ಲ, ಒಪ್ಪುತ್ತೇನೆ. ಫೋನ್ ಮಾಡಿ. ಭಾನುವಾರ ಬೆಳಗ್ಗೆ ಮಾಡಿ, ಬೇರೆ ದಿನ ಎತ್ತುವುದಿಲ್ಲ. ಒಂದು ಪ್ರದೇಶದ ಐವತ್ತು ಮೇಸ್ತ್ರಿಗಳಿಗೆ 'ಈ ವಾರ ನಿಮ್ಮ ಗ್ಯಾಂಗ್‌ನಲ್ಲಿ ಎಷ್ಟು ಜನ ಸುಮ್ನೆ ಕೂತಿದ್ದಾರೆ?' ಎಂದು ಒಂದೇ ಪ್ರಶ್ನೆ ಕೇಳಿದರೂ ನಿಮ್ಮ ನಕ್ಷೆಯ ಬಣ್ಣ ಬದಲಾಗುವುದನ್ನು ನೋಡುತ್ತೀರಿ.

ಹೋದ ಸಲ ನೀವು ಹೇಳಿದ್ದು ಏನು, ಆದದ್ದು ಏನು ಎಂದು ಹೊಸ ವರದಿಯ ಪಕ್ಕದಲ್ಲೇ ಅಚ್ಚು ಹಾಕಿ. ಮಳೆ ಬರುತ್ತದೆ ಎಂದು ಹೇಳುವವರ ಮಾತನ್ನು ಜನ ಮಾರನೇ ದಿನ ಆಕಾಶ ನೋಡಿ ಅಳೆಯುತ್ತಾರೆ. ನಿಮ್ಮ ಮಾತನ್ನು ಅಳೆಯಲು ಯಾರಿಗೂ ಆಗಿಲ್ಲ, ಯಾಕೆಂದರೆ ಹಳೆಯ ನಕ್ಷೆಯನ್ನು ಯಾರೂ ತೆಗೆದಿಟ್ಟಿರುವುದಿಲ್ಲ.

ತರಬೇತಿ ಕೇಂದ್ರ ಎಲ್ಲಿ ತೆರೆಯಬೇಕು, ಕಾರ್ಮಿಕರ ವಸತಿ ಎಲ್ಲಿ ಕಟ್ಟಬೇಕು ಎಂದು ತೀರ್ಮಾನ ಮಾಡುವ ಇಲಾಖೆಗಳಿಗೂ ಒಂದು ಮಾತು. ಒಬ್ಬ ಹುಡುಗ ಗಾರೆ ಕೆಲಸ ನೆಟ್ಟಗೆ ಕಲಿಯಲು ಎರಡು ಮೂರು ವರ್ಷ ಬೇಕು. ಮೂರು ತಿಂಗಳ ಹಸಿರು ನೋಡಿ ಅವನನ್ನು ತರಬೇತಿಗೆ ಸೇರಿಸಿದರೆ, ಅವನು ಕರಣೆ ಹಿಡಿದು ಹೊರಬರುವಾಗ ಆ ಹಸಿರು ಎಲ್ಲಿರುತ್ತದೆ? ಅದಕ್ಕೆ ಮಂಜೂರಾದ ಕಾಮಗಾರಿಗಳ ಪಟ್ಟಿ ನೋಡಿ. ಯಾವ ರಸ್ತೆಗೆ ಹಣ ಬಿಡುಗಡೆಯಾಗಿದೆ, ಯಾವ ನೀರಿನ ಯೋಜನೆಗೆ ಜಾಗ ಸಿಕ್ಕಿದೆ ಎನ್ನುವುದೆಲ್ಲ ನಿಮ್ಮದೇ ಕಪಾಟಿನಲ್ಲಿ ಇದೆ. ಯಜಮಾನರ ಮೂಡ್ ಕೇಳುವುದಕ್ಕಿಂತ ಅದು ಗಟ್ಟಿ.

ನನ್ನ ಹತ್ತಿರ ಆ ಸೈಟ್‌ನ ಮಸ್ಟರ್ ರೋಲ್, ಅಂದರೆ ಹಾಜರಿ ಪುಸ್ತಕದ ಒಂದು ಪುಟ ಇದೆ. ಮೇಸ್ತ್ರಿ ಬಂದ ದಿನವೇ, ಹೇಗೂ ಬೇರೆ ಯಾವುದಾದರೂ ಕೆಲಸ ಬಂದೇ ಬರುತ್ತದೆ ಎಂದು, ಹದಿನಾಲ್ಕೂ ಹೆಸರು ಬರೆದುಬಿಟ್ಟಿದ್ದೆ. ಪಕ್ಕದಲ್ಲಿ ದಿನಗಳ ಕಾಲಂ ಎಳೆದಿದ್ದೇನೆ. ಹತ್ತೊಂಬತ್ತು ಕಾಲಂಗಳು, ಒಂದರಲ್ಲೂ ಗುರುತಿಲ್ಲ. ಕಂಪನಿ ಬಿಡುವಾಗ ಆ ಪುಟ ಯಾರಿಗೂ ಬೇಕಿರಲಿಲ್ಲ, ಹರಿದು ತಂದೆ. ಮುಂದಿನ ಫಾರ್ಮ್ ಅಚ್ಚಿಗೆ ಹೋಗುವ ಮೊದಲು ನೋಡಬೇಕೆನಿಸಿದರೆ ತಿಳಿಸಿ. ಹೆಸರುಗಳ ಮೇಲೆ ಕಾಗದ ಅಂಟಿಸಿ ಕಳಿಸಿಕೊಡುತ್ತೇನೆ.

ಇಂತಿ,
ಹಿಂದೆ ನಿಮ್ಮ ಫಾರ್ಮ್ ತುಂಬುತ್ತಿದ್ದ ಒಬ್ಬ ಸೈಟ್ ಸೂಪರ್‌ವೈಸರ್